ಮರಳು ಹೊತ್ತು ತಂದ ನೀರು

ಅಕ್ಕಿ ತೊಳೆದು ಒಲೆಯ ಮೇಲಿಡುವ ಮುನ್ನ ನಮ್ಮ ಮನೆಯ ಹಿರಿಯ ಹೆಂಗಸರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದುಂಟು: "ಅಕ್ಕಿ ಹೊಸದೋ, ಹಳೆಯದೋ?" ಹೊಸ ಅಕ್ಕಿಯಾದರೆ ನೀರು ಕಡಿಮೆ, ವರುಷ ಕಳೆದ ಅಕ್ಕಿಯಾದರೆ ಅರ್ಧ ಲೋಟ ಹೆಚ್ಚು. ಅಳೆಯುವ ಪಾವು ಅದೇ, ಪಾತ್ರೆ ಅದೇ, ಒಲೆಯೂ ಅದೇ. ಆದರೂ ನೀರಿನ ಲೆಕ್ಕ ಮಾತ್ರ ಬೇರೆ. ಈ ವ್ಯತ್ಯಾಸಕ್ಕೆ ಕಾರಣಗಳು ಹಲವಿದ್ದರೂ ಅವುಗಳಲ್ಲಿ ಒಂದು ಬಹಳ ಸರಳವಾದದ್ದು: ಹೊಸ ಅಕ್ಕಿ ಗದ್ದೆಯ ತೇವವನ್ನು ಇನ್ನೂ ಅಷ್ಟಿಷ್ಟು ತನ್ನಲ್ಲಿ ಉಳಿಸಿಕೊಂಡಿರುತ್ತದೆ. ತಾನು ತಂದ ನೀರಿನ ಲೆಕ್ಕವನ್ನು ಅದು ಹೇಳಿಕೊಳ್ಳುವುದಿಲ್ಲ. ಅಡುಗೆ ಮಾಡುವವರೇ ಅದನ್ನು ಊಹಿಸಿ ಕಳೆಯಬೇಕು. ಕಳೆಯದಿದ್ದರೆ ಅನ್ನ ಮುದ್ದೆಯಾಗುತ್ತದೆ.

ಭತ್ತದ ವ್ಯಾಪಾರಿಗೂ ಈ ಗುಟ್ಟು ಗೊತ್ತು. ರೈತ ಚೀಲದ ಬಾಯಿ ಬಿಚ್ಚಿದ ಕೂಡಲೇ ಆತ ನಾಲ್ಕು ಕಾಳನ್ನು ಬಾಯಿಗೆ ಹಾಕಿ ಕಡಿಯುತ್ತಾನೆ. 'ಕಟ್' ಎಂದು ಮುರಿದರೆ ಸರಿ. ಹಲ್ಲಿನ ಅಡಿಯಲ್ಲಿ ಚಪ್ಪಟೆಯಾದರೆ ತೂಕದಲ್ಲಿ ಕಡಿತ. ತಾನು ಹಣ ಕೊಡುವುದು ಭತ್ತಕ್ಕೇ ಹೊರತು ನೀರಿಗಲ್ಲ ಎಂಬುದು ಅವನ ವಾದ. ವಾದವೇನೋ ನ್ಯಾಯವಾದದ್ದೇ, ಕಡಿತ ಎಷ್ಟು ನ್ಯಾಯವಾದದ್ದು ಎಂಬುದು ಬೇರೆ ಮಾತು.

ಕೇಳುಗರೆ, ಈ ಸಂಜೆ ನಾನು ಹೇಳಹೊರಟಿರುವುದು ಅನ್ನದ ಮಾತನ್ನೂ ಅಲ್ಲ, ಭತ್ತದ ಮಾತನ್ನೂ ಅಲ್ಲ; ನಮ್ಮ ತಲೆಯ ಮೇಲಿನ ಛಾವಣಿಯ ಮಾತನ್ನು. ಕಾಂಕ್ರೀಟು ಕಲಸುವಾಗ ಮರಳು ಮತ್ತು ಜಲ್ಲಿಗಳು ತಮ್ಮೊಡನೆ ಹೊತ್ತು ತರುವ ನೀರನ್ನು ಲೆಕ್ಕಕ್ಕೆ ಹಿಡಿದು, ಅವುಗಳ ತೂಕವನ್ನು ತಿದ್ದಿಕೊಳ್ಳುವ ಕ್ರಮವೊಂದುಂಟು. ಇದು ಎಂಜಿನಿಯರುಗಳ ಕಚೇರಿಗೆ ಸೇರಿದ ಒಣ ವಿಷಯವೆಂದು ತಾವು ಭಾವಿಸಬಾರದು. ನಿಜಕ್ಕೂ ಇದು ಹಸಿ ವಿಷಯ. ಮೂರನೆಯ ತರಗತಿಯ ಹುಡುಗ ಮಾಡಬಲ್ಲ ಒಂದು ಕಳೆಯುವ ಲೆಕ್ಕ, ಒಂದು ಕೂಡುವ ಲೆಕ್ಕ. ಇಷ್ಟೇ ಇದರ ಗಣಿತ. ಈ ಲೆಕ್ಕವನ್ನು ಮಾಡದೆ ನಾನೊಮ್ಮೆ ಒಂದು ಶಾಲೆಯ ಛಾವಣಿಯನ್ನು ಬಲಹೀನಗೊಳಿಸಿದೆ. ಅದಕ್ಕಿಂತ ಮಿಗಿಲಾಗಿ, ಒಬ್ಬ ಸಜ್ಜನನ ಹೆಸರು ಕೆಡಲು ಕಾರಣನಾದೆ. ಅದನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಕಾಂಕ್ರೀಟಿನ ಪಾಕವನ್ನು ನೋಡೋಣ. ಅದರ ಮುಖ್ಯ ಪದಾರ್ಥಗಳು ನಾಲ್ಕೇ: ಸಿಮೆಂಟು, ಮರಳು, ಜಲ್ಲಿ, ನೀರು. ಜಲ್ಲಿಯ ಸಂದುಗಳನ್ನು ಮರಳು ತುಂಬುತ್ತದೆ; ಮರಳಿನ ಸಂದುಗಳನ್ನು ಸಿಮೆಂಟು ಮತ್ತು ನೀರು ಸೇರಿ ಆದ ಅಂಟು ತುಂಬುತ್ತದೆ. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಅದು ಜೇಡಿಮಣ್ಣಿನಂತೆ ಒಣಗುವುದಲ್ಲ. ನೀರಿನೊಡನೆ ರಾಸಾಯನಿಕವಾಗಿ ಕೂಡಿ ಕಲ್ಲಾಗುತ್ತದೆ. ಈ ಕೂಟಕ್ಕೆ ಬೇಕಾಗುವ ನೀರು ಸಿಮೆಂಟಿನ ತೂಕದ ಶೇಕಡ 23ರ ಸುಮಾರು ಮಾತ್ರ. ಅಷ್ಟನ್ನೇ ಹಾಕಿದರೆ ಮಿಶ್ರಣ ಅಲುಗುವುದಿಲ್ಲ, ಕಬ್ಬಿಣದ ಸರಳುಗಳ ನಡುವೆ ಇಳಿಯುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಸಿಮೆಂಟಿನ ತೂಕದ ಅರ್ಧದಷ್ಟು ನೀರನ್ನು ಹಾಕುತ್ತೇವೆ. ಕೂಟಕ್ಕೆ ಸೇರದೆ ಉಳಿದ ನೀರಿನಲ್ಲಿ ಬಹುಭಾಗ ಮುಂದೆ ಆವಿಯಾಗಿ ಹೊರಟುಹೋಗುತ್ತದೆ. ಹೋಗುವಾಗ ತಾನು ಇದ್ದ ಜಾಗವನ್ನು ಬರಿದಾಗಿ ಬಿಟ್ಟುಹೋಗುತ್ತದೆ. ಕಣ್ಣಿಗೆ ಕಾಣದ ಆ ಬರಿದು ಜಾಗಗಳೇ ಕಾಂಕ್ರೀಟಿನ ದೌರ್ಬಲ್ಯ.

ಅಮೆರಿಕದ ಶಿಕಾಗೋ ನಗರದ ಲೂಯಿಸ್ ಇನ್‌ಸ್ಟಿಟ್ಯೂಟಿನಲ್ಲಿ ಡಫ್ ಏಬ್ರಮ್ಸ್ ಎಂಬ ಸಂಶೋಧಕರು ಅಸಂಖ್ಯ ಪ್ರಯೋಗಗಳನ್ನು ನಡೆಸಿ 1918ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದರು. ಪದಾರ್ಥಗಳು ಅವೇ ಆಗಿದ್ದು, ಮಿಶ್ರಣ ಸರಿಯಾಗಿ ಕಲಸಿ ಕೂರಿಸುವಂತಿದ್ದರೆ, ಕಾಂಕ್ರೀಟಿನ ಬಲವನ್ನು ನಿರ್ಣಯಿಸುವುದು ಒಂದೇ ಸಂಗತಿ: ನೀರಿಗೂ ಸಿಮೆಂಟಿಗೂ ಇರುವ ಪ್ರಮಾಣ. ಸಿಮೆಂಟು ನೂರು ಕಿಲೋ ಇರುವಲ್ಲಿ ನೀರು ಐವತ್ತರಿಂದ ಅರವತ್ತಕ್ಕೆ ಏರಿದರೆ ಬಲದಲ್ಲಿ ಐದನೆಯ ಒಂದು ಭಾಗವೋ ಇನ್ನೂ ಹೆಚ್ಚೋ ಕಳೆದುಹೋಗುತ್ತದೆ. ಸಿಮೆಂಟು ಒಂದು ಹಿಡಿಯೂ ಕಡಿಮೆಯಾಗಿರುವುದಿಲ್ಲ. ಬಲ ಮಾತ್ರ ಕಡಿಮೆಯಾಗಿರುತ್ತದೆ. ಹಾಲಿಗೆ ನೀರು ಬೆರೆಸಿದರೆ ನಾಲಗೆಗಾದರೂ ಗೊತ್ತಾಗುತ್ತದೆ. ಕಾಂಕ್ರೀಟಿಗೆ ಬೆರೆತ ನೀರು ತಿಂಗಳಾದ ಮೇಲೆ ಮಾತನಾಡುತ್ತದೆ.

ಹಾಗಾದರೆ ನೀರನ್ನು ಅಳೆದು ಹಾಕಿದರಾಯಿತಲ್ಲ ಎಂದು ತಾವು ಕೇಳಬಹುದು. 1983ನೆಯ ಇಸವಿಯ ಜೂನ್ ತಿಂಗಳಲ್ಲಿ ನಾನೂ ಹಾಗೆಯೇ ತಿಳಿದಿದ್ದೆ.

ಆಗ ನಾನು ಓದು ಮುಗಿಸಿ ಒಂದು ವರ್ಷವಾಗಿತ್ತು. ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ಶಾಲೆಗೆ ಎರಡು ಕೋಣೆಗಳನ್ನು ಕಟ್ಟುವ ಕೆಲಸದ ಮೇಲ್ವಿಚಾರಣೆ ನನ್ನದಾಗಿತ್ತು. ಅಲ್ಲಿಯ ಮೇಸ್ತ್ರಿಗಳು ಅರವತ್ತರ ಹತ್ತಿರದವರು. ಗಾರೆಯ ಕಾಲದಿಂದ ಕೆಲಸ ಕಲಿತುಕೊಂಡು ಬಂದವರು. ಅವರ ಪದ್ಧತಿ ಮರದ ಫರ್ಮಾದಲ್ಲಿ ಮರಳನ್ನೂ ಜಲ್ಲಿಯನ್ನೂ ಅಳೆದು ಹಾಕುವುದು. ಮಳೆಗಾಲದಲ್ಲಿ ಅವರು ಮರಳಿನ ಫರ್ಮಾವನ್ನು ಕೋಡಿಟ್ಟು ತುಂಬುತ್ತಿದ್ದರು. ಬೇಸಗೆಯಲ್ಲಿ ಅಂಚಿಗೆ ಸಮನಾಗಿ ಗೀರುತ್ತಿದ್ದರು. ಕಾರಣ ಕೇಳಿದರೆ, "ನೆಂದ ಮರಳು ಉಬ್ಬುತ್ತೆ ಸ್ವಾಮಿ" ಎನ್ನುತ್ತಿದ್ದರು. ನನಗೆ ಅದು ಅಶಿಸ್ತಾಗಿ ಕಂಡಿತು.

ಅವರು ಹೇಳಿದ್ದು ಅಕ್ಷರಶಃ ಸತ್ಯ. ಒದ್ದೆ ಮರಳಿನ ಕಣಕಣವನ್ನೂ ನೀರಿನ ತೆಳುಪೊರೆಯೊಂದು ಸುತ್ತಿಕೊಂಡಿರುತ್ತದೆ. ಆ ಪೊರೆಗಳ ಎಳೆತದಿಂದ ಕಣಗಳು ಒಂದರ ಮೇಲೊಂದು ಒತ್ತಾಗಿ ಕೂರಲಾರದೆ ದೂರ ದೂರ ನಿಲ್ಲುತ್ತವೆ. ನೂರಕ್ಕೆ ಐದಾರು ಪಾಲು ತೇವವಿದ್ದರೆ ಸಾಕು, ಮರಳಿನ ಗಾತ್ರ ನೂರಕ್ಕೆ ಇಪ್ಪತ್ತು ಮೂವತ್ತರಷ್ಟು ಉಬ್ಬಬಹುದು. ನುಣುಪು ಮರಳಾದರೆ ಇನ್ನೂ ಹೆಚ್ಚು. ವಿನೋದವೆಂದರೆ, ಅದೇ ಮರಳನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿದರೆ ಪೊರೆಗಳು ಅಳಿದು, ಅದು ಒಣ ಮರಳಿನಷ್ಟೇ ಜಾಗಕ್ಕೆ ಕುಸಿಯುತ್ತದೆ. ತಾವು ಮನೆಯಲ್ಲೇ ನೋಡಬಹುದು. ಗಾಜಿನ ಜಾಡಿಯೊಂದರಲ್ಲಿ ಒದ್ದೆ ಮರಳನ್ನು ಇಪ್ಪತ್ತು ಸೆಂಟಿಮೀಟರ್ ಎತ್ತರಕ್ಕೆ ತುಂಬಿ, ಅದನ್ನು ಹೊರತೆಗೆದು, ಜಾಡಿಗೆ ಅರ್ಧ ನೀರು ಹಾಕಿ ಮರಳನ್ನು ಮತ್ತೆ ಸುರಿದು ಕಲಕಿ. ಮರಳು ಹದಿನಾರು ಸೆಂಟಿಮೀಟರಿಗೆ ಇಳಿದು ಕೂತರೆ, ಉಬ್ಬರ ನೂರಕ್ಕೆ ಇಪ್ಪತ್ತೈದು ಎಂದರ್ಥ. ಫರ್ಮಾ ತುಂಬಿತೆಂದು ನಾವು ಎಣಿಸುವಾಗ ಅದರ ಐದನೆಯ ಒಂದು ಭಾಗ ಬರಿಯ ಉಬ್ಬರ.

ಫರ್ಮಾದ ಈ ಮೋಸವನ್ನು ತಪ್ಪಿಸಬೇಕೆಂದೇ ನಾನು ಆ ಊರಿಗೆ ತೂಕದ ಯಂತ್ರವೊಂದನ್ನು ತರಿಸಿದೆ. ತಕ್ಕಡಿಗೆ ಉಬ್ಬರದ ಹಂಗಿಲ್ಲವಷ್ಟೆ. ಒಂದು ಚೀಲ, ಅಂದರೆ 50 ಕಿಲೋ ಸಿಮೆಂಟಿಗೆ 100 ಕಿಲೋ ಮರಳು, 160 ಕಿಲೋ ಜಲ್ಲಿ, 25 ಲೀಟರ್ ನೀರು ಎಂದು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮೊದಲ ಕೋಣೆಯ ಛಾವಣಿಯನ್ನು ಬಿಸಿಲಿದ್ದ ದಿನ ಹಾಕಿದೆವು, ಎಲ್ಲವೂ ಸುಗಮವಾಯಿತು. ಅಂದಿನ ರಾತ್ರಿ ಮೃಗಶಿರಾ ಮಳೆ ಹಿಡಿಯಿತು. ಬೆಳಗಿನ ಹೊತ್ತಿಗೆ ಮೋಡ ಸರಿದು ಬಿಸಿಲು ಬಂದಿತಾದರೂ, ಬಯಲಿನಲ್ಲಿ ರಾಶಿ ಬಿದ್ದಿದ್ದ ಮರಳೂ ಜಲ್ಲಿಯೂ ರಾತ್ರಿಯೆಲ್ಲ ನೆಂದಿದ್ದವು.

ಮೇಸ್ತ್ರಿಗಳು ಒಂದು ಹಿಡಿ ಮರಳನ್ನು ತೆಗೆದು ಅಂಗೈಯಲ್ಲಿ ಹಿಸುಕಿ, ಬಿಟ್ಟು, ಅಂಟಿದ ತೇವವನ್ನು ನೋಡಿಕೊಂಡು ಹೇಳಿದರು: "ಸ್ವಾಮಿ, ಇವತ್ತು ನೀರು ಅರ್ಧ ಬಿಂದಿಗೆ ಕಡಿಮೆ ಮಾಡೋಣ. ಮರಳು ಒಂದಿಷ್ಟು ಮೇಲೆ ಹಾಕೋಣ."

"ಲೆಕ್ಕ ಗೋಡೆಯ ಮೇಲಿದೆ ಮೇಸ್ತ್ರೀ, ಕಣ್ಣಂದಾಜು ಬೇಡ" ಎಂದೆ ನಾನು.

ಅವರು ಮತ್ತೆ ಮಾತನಾಡಲಿಲ್ಲ. ಆ ದಿನ ನಾನು ಬೆಳಗಿನಿಂದ ಸಂಜೆಯವರೆಗೆ ಮಿಕ್ಸರಿನ ಪಕ್ಕ ನಿಂತು, 64 ಚೀಲ ಸಿಮೆಂಟನ್ನು 64 ಸಲ ಕಲಸಿದ್ದನ್ನು ಕಣ್ಣಾರೆ ಕಂಡು, ಒಂದೊಂದಕ್ಕೂ ಪುಸ್ತಕದಲ್ಲಿ ಗೀಟು ಹಾಕಿದೆ. ಮಿಶ್ರಣ ಪಾಯಸದಂತೆ ಸಲೀಸಾಗಿ ಇಳಿಯುತ್ತಿತ್ತು. ಬಾಂಡ್ಲಿ ಹೊರುವವರಿಗೂ ಹರಡುವವರಿಗೂ ಸಂತೋಷ, ನನಗೂ ಸಂತೋಷ.

ಈಗ ಆ ದಿನ ನಡೆದದ್ದೇನೆಂಬುದನ್ನು ಲೆಕ್ಕದಲ್ಲಿ ನೋಡೋಣ. ಅದಕ್ಕೆ ಮುನ್ನ ಮರಳಿನ ಸ್ಥಿತಿಗತಿಗಳ ಬಗೆಗೆ ಒಂದು ಮಾತು. ಮರಳಿನ ಕಣದಲ್ಲೂ ಜಲ್ಲಿಯ ಕಲ್ಲಿನಲ್ಲೂ ಸೂಕ್ಷ್ಮ ರಂಧ್ರಗಳುಂಟು. ಕಾದು ಒಣಗಿದ ಕಲ್ಲು ಬಾಯಾರಿದವನಂತೆ. ಮಿಶ್ರಣದ ನೀರನ್ನೇ ಅದು ಕುಡಿಯುತ್ತದೆ. ನೆಂದ ಕಲ್ಲು, ಮಳೆಯಲ್ಲಿ ತೊಯ್ದು ತೊಟ್ಟಿಕ್ಕುವ ಪಂಚೆಯಲ್ಲೇ ಒಳಗೆ ಬಂದವನಂತೆ. ಅದು ನೆಲವನ್ನೆಲ್ಲ ಒದ್ದೆ ಮಾಡುತ್ತದೆ. ಇವೆರಡರ ನಡುವೆ ಒಂದು ಸಮಸ್ಥಿತಿ ಉಂಟು: ಹೊಟ್ಟೆ ತುಂಬ ನೀರು ಕುಡಿದು, ಮೈಯನ್ನು ಚೆನ್ನಾಗಿ ಒರೆಸಿಕೊಂಡು ಕುಳಿತವನ ಸ್ಥಿತಿ. ಅವನು ನೀರನ್ನು ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ಒಳಗೆ ತಣಿದು ಹೊರಗೆ ಒಣಗಿದ ಈ ಸ್ಥಿತಿಯೇ ನಮ್ಮ ಲೆಕ್ಕಗಳಿಗೆಲ್ಲ ಆಧಾರ. 100 ಕಿಲೋ ಮರಳು ಎಂದು ಕಾಗದದಲ್ಲಿ ಬರೆದರೆ, ಈ ಸ್ಥಿತಿಯ ನೂರು ಕಿಲೋ ಎಂದೇ ಅದರ ಅರ್ಥ. ಮರಳು ಈ ಸ್ಥಿತಿಗೆ ಬಂದಿದೆಯೆ ಎಂದು ನೋಡಲು ಪ್ರಯೋಗಶಾಲೆಯಲ್ಲಿ ಒಂದು ಪುಟ್ಟ ಶಂಕುವಿನಾಕಾರದ ಅಚ್ಚಿನಲ್ಲಿ ಅದನ್ನು ತುಂಬಿ, ಮೆಲ್ಲಗೆ ತಟ್ಟಿ, ಅಚ್ಚನ್ನು ಎತ್ತುತ್ತಾರೆ. ಮೈ ಒದ್ದೆಯಿದ್ದರೆ ಗುಡ್ಡೆ ನಿಲ್ಲುತ್ತದೆ. ಮೈ ಆರಿದೊಡನೆ ಜರಿಯುತ್ತದೆ. ಹೊಳೆಯ ದಡದಲ್ಲಿ ಪಾದದ ಮೇಲೆ ಮರಳು ತಟ್ಟಿ ಗುಬ್ಬಿಗೂಡು ಕಟ್ಟಿದವರಿಗೆಲ್ಲ ಈ ಪರೀಕ್ಷೆಯ ತತ್ತ್ವ ಗೊತ್ತು.

ಆ ದಿನದ ಮರಳಿನ ಮೈಮೇಲೆ ನೂರಕ್ಕೆ 5ರಷ್ಟು ನೀರಿತ್ತೆಂದೂ, ಜಲ್ಲಿಯ ಮೈಮೇಲೆ ನೂರಕ್ಕೆ 1ರಷ್ಟು ಇತ್ತೆಂದೂ ಇಟ್ಟುಕೊಳ್ಳಿ. 100 ಕಿಲೋ ನಿಜವಾದ ಮರಳು ಬೇಕಾದರೆ ನಾನು ತೂಗಬೇಕಾಗಿದ್ದದ್ದು 105 ಕಿಲೋ. 160 ಕಿಲೋ ಜಲ್ಲಿ ಬೇಕಾದರೆ 161.6 ಕಿಲೋ. ಹೀಗೆ ಮರಳಿನ ಬೆನ್ನಮೇಲೆ 5 ಲೀಟರ್, ಜಲ್ಲಿಯ ಬೆನ್ನಮೇಲೆ 1.6 ಲೀಟರ್ ನೀರು ತಾನಾಗಿ ಬಂದಿರುತ್ತದೆ. ಆದ್ದರಿಂದ 25ರಲ್ಲಿ 6.6ನ್ನು ಕಳೆದು, ಕೊಳವೆಯಿಂದ 18.4 ಲೀಟರ್ ನೀರನ್ನು ಮಾತ್ರ ಹಾಕಬೇಕು. ಮರಳು ಜಲ್ಲಿಗಳಿಗೆ ಎಷ್ಟು ಕೂಡಿಸಿದೆವೋ ನೀರಿನಲ್ಲಿ ಅಷ್ಟನ್ನೇ ಕಳೆದೆವು. ಕೂಡಿ ನೋಡಿ: ಮೊದಲು 100, 160, 25 ಸೇರಿ 285; ತಿದ್ದಿದ ಮೇಲೆ 105, 161.6, 18.4 ಸೇರಿ ಮತ್ತೆ 285. ಮೊತ್ತ ಬದಲಾಗಲಿಲ್ಲ, ಯಾರ ಪಾಲು ಯಾರ ಖಾತೆಯಲ್ಲಿದೆ ಎಂಬುದು ಮಾತ್ರ ಸರಿಹೋಯಿತು.

ನಾನು ಮಾಡಿದ್ದೇನು? ಒದ್ದೆ ಮರಳನ್ನೇ 100 ಕಿಲೋ ತೂಗಿದೆ. ಅದರಲ್ಲಿ ಮರಳು 95 ಕಿಲೋ ಚಿಲ್ಲರೆ, ಉಳಿದದ್ದು ನೀರು. ಒದ್ದೆ ಜಲ್ಲಿಯನ್ನೇ 160 ಕಿಲೋ ತೂಗಿದೆ. ಅದರಲ್ಲಿ ಜಲ್ಲಿ 158 ಕಿಲೋ ಚಿಲ್ಲರೆ. ಮೇಲೆ 25 ಲೀಟರ್ ನೀರನ್ನು ಪೂರ್ತಿಯಾಗಿ ಹಾಕಿದೆ. ಮಿಶ್ರಣದೊಳಗೆ ಸೇರಿದ ನೀರು 31 ಲೀಟರು ಚಿಲ್ಲರೆ. ಸಿಮೆಂಟಿನ ತೂಕದ ಅರ್ಧ ಇರಬೇಕಾದದ್ದು ನೂರಕ್ಕೆ 63ರ ಹತ್ತಿರ ಹೋಯಿತು. ಮರಳಿನಲ್ಲಿ ಕೊರತೆ, ನೀರಿನಲ್ಲಿ ಮಿಗತೆ. ಒಂದೇ ಅಲಕ್ಷ್ಯಕ್ಕೆ ಎರಡು ತಪ್ಪು. ಮೊತ್ತವೋ, ಈಗಲೂ 285! ತಕ್ಕಡಿಯ ಮುಳ್ಳಿನಲ್ಲಿ ಸುಳ್ಳಿರಲಿಲ್ಲ. ಅದು ತೂಗಿದ್ದು ಏನನ್ನು ಎಂಬುದನ್ನು ನಾನು ಕೇಳಿರಲಿಲ್ಲ.

ಇಪ್ಪತ್ತೆಂಟು ದಿನಗಳು ಕಳೆದವು. ಪುನರ್ವಸು ಮಳೆಯ ಕಾಲ. ಎರಡೂ ದಿನ ಎತ್ತಿಟ್ಟಿದ್ದ ಕಾಂಕ್ರೀಟಿನ ಕ್ಯೂಬುಗಳನ್ನು ಒಡೆದು ನೋಡಿದ ವರದಿ ಬಂತು. ಬೇಕಾಗಿದ್ದ ಬಲ ಚದರ ಮಿಲಿಮೀಟರಿಗೆ 20 ನ್ಯೂಟನ್. ಮೊದಲ ದಿನದ ಸರಾಸರಿ 27. ಎರಡನೆಯ ದಿನದ್ದು 18. ವರದಿಯನ್ನು ಓದಿದವರೆಲ್ಲರ ಬಾಯಲ್ಲೂ ಬಂದ ಮಾತು ಒಂದೇ: "ಸಿಮೆಂಟು ಹೊರಗೆ ಹೋಗಿದೆ." ಸಿಮೆಂಟು ಸಿಗುವುದೇ ದುರ್ಲಭವಾಗಿದ್ದ ಕಾಲ ಅದು, ಅಂಥ ಅನುಮಾನ ಹುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಚೀಲಗಳನ್ನು ಅರೆಬರೆ ಸುರಿದು ಉಳಿಸಿ ಮಾರಿದ್ದಾರೆ ಎಂಬ ಮಾತು ಮೇಸ್ತ್ರಿಗಳ ಮೇಲೆ ಬಂತು. ಗುತ್ತಿಗೆದಾರರು ಅವರನ್ನು ಕೆಲಸದಿಂದ ಬಿಡಿಸಿದರು.

64 ಚೀಲಗಳೂ ಪೂರ್ತಿಯಾಗಿ ಮಿಕ್ಸರಿಗೆ ಬಿದ್ದದ್ದನ್ನು ಕಂಡವನು ನಾನು. ಗೀಟು ಹಾಕಿದವನೂ ನಾನು. ಆದರೂ ನಾನು ಎಂಟು ದಿನ ಬಾಯಿ ಬಿಡಲಿಲ್ಲ. ನನ್ನ ತೂಕ ಸರಿ, ನನ್ನ ಅಳತೆ ಸರಿ. ಆದ್ದರಿಂದ ತಪ್ಪು ಬೇರೆ ಎಲ್ಲಿಯೋ ಇರಬೇಕು, ನನ್ನ ಕಣ್ಣೇ ಎಲ್ಲಿಯೋ ತಪ್ಪಿರಬೇಕು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಕಣ್ಣಿಗಿಂತ ಕಾಗದವನ್ನು ಹೆಚ್ಚು ನಂಬುವುದೂ ಒಂದು ಬಗೆಯ ಕುರುಡು.

ಒಂಬತ್ತನೆಯ ದಿನ ಬೆಳಗ್ಗೆ ಮಳೆ ನಿಂತಿತ್ತು. ಮರಳಿನ ರಾಶಿಯ ಬುಡದಿಂದ ನೀರು ಜಿನುಗಿ ಹರಿಯುತ್ತಿದ್ದುದನ್ನು ಕಂಡೆ. ಅದನ್ನು ಎಷ್ಟೋ ದಿನಗಳಿಂದ ಕಾಣುತ್ತಿದ್ದೆ, ಅಂದು ನೋಡಿದೆ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಸರಿಯಾಗಿ 1000 ಗ್ರಾಂ ಮರಳನ್ನು ತೂಗಿಸಿಕೊಂಡು ಬಂದು, ಕಾವಲುಗಾರನ ಸೀಮೆಎಣ್ಣೆ ಸ್ಟೌವಿನ ಮೇಲೆ ಅವನ ಬಾಣಲೆಯಲ್ಲಿಯೇ ಹುರಿದೆ. ಉಪ್ಪಿಟ್ಟಿಗೆ ರವೆ ಹುರಿದಂತೆ ಕೈಯಾಡಿಸುತ್ತಾ, ಹಬೆ ನಿಂತು ಮರಳು ಬಿಳಿಚಿಕೊಂಡು ಸಳಸಳನೆ ಸರಿಯುವವರೆಗೆ ಹುರಿದೆ. ಆರಿದ ಮೇಲೆ ತೂಗಿದರೆ 945 ಗ್ರಾಂ. ಐವತ್ತೈದು ಗ್ರಾಂ ನೀರು ಹಬೆಯಾಗಿ ಹೋಗಿತ್ತು. ಕಣಗಳು ಒಳಗೆ ಕುಡಿದಿದ್ದ ಒಂಬತ್ತು ಹತ್ತು ಗ್ರಾಮನ್ನು ಅದರಲ್ಲಿ ಬಿಟ್ಟರೆ, ಮೈಮೇಲಿನ ನೀರು ನೂರಕ್ಕೆ ಐದರ ಹತ್ತಿರ. ಮಳೆಯಲ್ಲಿ ನೆಂದ ಜೂನ್ ತಿಂಗಳ ಆ ರಾಶಿಯೂ ಇದಕ್ಕಿಂತ ಬೇರೆಯಾಗಿದ್ದಿರಲಾರದು. ನಾನು ಈಗ ತಾನೆ ತಮಗೆ ಒಪ್ಪಿಸಿದ ಲೆಕ್ಕವನ್ನು ಆ ಸ್ಟೌವಿನ ಮುಂದೆ ಕುಳಿತು ಮಾಡಿದೆ. ಹೆಚ್ಚಾಗಿ ಸುರಿದ ನೀರು ಒಂದು ಚೀಲಕ್ಕೆ ಆರೂವರೆ ಲೀಟರ್. ಆ ಊರಿನ ಬಿಂದಿಗೆ ಹನ್ನೆರಡು ಹದಿಮೂರು ಲೀಟರಿನದು. ಮೇಸ್ತ್ರಿಗಳು ಕಡಿಮೆ ಮಾಡೋಣವೆಂದದ್ದು ಅರ್ಧ ಬಿಂದಿಗೆ.

ಅಂದೇ ವರದಿ ಬರೆದೆ. ತಪ್ಪು ನನ್ನದೆಂದು ಬರೆದೆ. ಛಾವಣಿಯ ಮೇಲೆ ಭಾರ ಹೇರಿ ಪರೀಕ್ಷೆ ಮಾಡಬೇಕೆಂದು ತೀರ್ಮಾನವಾಯಿತು. ಮರಳಿನ ಚೀಲಗಳನ್ನು ತೂಗಿ ತೂಗಿ ಮೇಲೆ ಜೋಡಿಸಿ, ಮಳೆ ಬಿದ್ದು ಅವುಗಳ ತೂಕ ಏರದಂತೆ ತಾಡಪಾಲು ಹೊದಿಸಿ, 24 ಗಂಟೆ ಬಿಟ್ಟೆವು. ಈ ಸಲ ತಾಡಪಾಲನ್ನು ನಾನು ಮರೆಯಲಿಲ್ಲ! ಭಾರ ತೆಗೆದ ಮೇಲೆ ಬಾಗಿದ ಛಾವಣಿ ಬೇಕಾದಷ್ಟು ಹಿಂದಕ್ಕೆ ಬಂದಿತು. ಅದನ್ನು ಉಳಿಸಿಕೊಳ್ಳಬಹುದೆಂದು ಹಿರಿಯರು ಹೇಳಿದರು. ಬಲದ ಕಟ್ಟಳೆಯಲ್ಲಿ ಅದು ಪಾರಾಯಿತು. ಆದರೆ ಎರಡು ಮಳೆಗಾಲ ಕಳೆದ ಮೇಲೆ ನಾನು ಅಲ್ಲಿಗೆ ಹೋದಾಗ ಎರಡನೆಯ ಕೋಣೆಯ ಛಾವಣಿಯ ಮೂಲೆಯಲ್ಲಿ ತೇವದ ಮಚ್ಚೆಯೊಂದು ಮೂಡಿತ್ತು. ಹೆಚ್ಚಿನ ನೀರು ಹೊರಗೆ ಹೋದ ದಾರಿಯಲ್ಲೇ ಮಳೆಯ ನೀರು ಒಳಗೆ ಬರುತ್ತಿತ್ತು. ಹಾಗೆ ಬಂದ ನೀರು ಕಬ್ಬಿಣವನ್ನು ಮುಟ್ಟಿದರೆ ಮುಂದಿನದು ತುಕ್ಕಿನ ಕೆಲಸ.

ನನ್ನ ವರದಿಯ ಮೇಲೆ ಮೇಸ್ತ್ರಿಗಳನ್ನು ಮತ್ತೆ ಕರೆಸಿದರು. ಅವರು ಬಂದರು. ನಾನು ಕ್ಷಮೆ ಕೇಳಲು ಹೊರಟಾಗ ಅವರು ತಡೆದು, "ಅದೇನೋ ಬಾಣಲೆಯಲ್ಲಿ ಹುರಿದಿರಂತಲ್ಲ ಸ್ವಾಮಿ, ಹೇಗೆ, ನಾನೂ ನೋಡ್ತೀನಿ" ಎಂದರು. ಹುರಿದು ತೋರಿಸಿದೆ. ಆ ಮೇಲೆ ಕೆಲಸ ಮುಗಿಯುವವರೆಗೆ ಪ್ರತಿದಿನ ಬೆಳಗ್ಗೆ ಅವರು ಮರಳನ್ನು ಹಿಸುಕಿ ಮೊದಲು ಒಂದು ಅಂಕಿ ಹೇಳುತ್ತಿದ್ದರು. ನಾನು ಹುರಿದು ಇನ್ನೊಂದು ಅಂಕಿ ಹೇಳುತ್ತಿದ್ದೆ. ಎರಡರ ನಡುವೆ ಒಂದಕ್ಕಿಂತ ಹೆಚ್ಚಿನ ಅಂತರ ಬಂದದ್ದು ಅಪರೂಪ. ಗೋಡೆಯ ಮೇಲಿನ ಚೀಟಿಯನ್ನು ಕಿತ್ತು, ಆ ಜಾಗದಲ್ಲಿ ಒಂದು ಹಲಗೆ ತೂಗುಹಾಕಿ, ಪ್ರತಿದಿನದ ತೂಕವನ್ನು ಸೀಮೆಸುಣ್ಣದಲ್ಲಿ ಬರೆದೆವು. ಅಳಿಸಿ ಬರೆಯಬಹುದಾದ ಹಲಗೆಯೇ ಇಂಥ ಲೆಕ್ಕಕ್ಕೆ ತಕ್ಕದ್ದು.

ನಾನು ಪಟ್ಟ ಈ ಪಾಡು ಹೊಸ ಶೋಧವೇನೂ ಆಗಿರಲಿಲ್ಲ. ನಾನು ಓದಿದ್ದ ಪಠ್ಯಪುಸ್ತಕದಲ್ಲೇ ಅದು ಇತ್ತು; ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಇಂದು ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಐ.ಎಸ್. 456 ಎಂಬ ಸಂಹಿತೆಯ 2000ನೆಯ ಇಸವಿಯ ಆವೃತ್ತಿ, ಮರಳು ಜಲ್ಲಿಗಳ ತೇವವನ್ನು ಹವಾಮಾನಕ್ಕೆ ತಕ್ಕಂತೆ ಸಾಧ್ಯವಾದಷ್ಟು ಪದೇ ಪದೇ ಪರೀಕ್ಷಿಸಿ, ಹಾಕುವ ನೀರನ್ನೂ ಅವುಗಳ ತೂಕವನ್ನೂ ತಿದ್ದಿಕೊಳ್ಳಬೇಕೆಂದು ವಿಧಿಸುತ್ತದೆ. ಪರೀಕ್ಷೆಗೆ ಅನುಕೂಲವಿಲ್ಲದ ಕಡೆ ಅಂದಾಜಿಗೆಂದು ಒಂದು ಪಟ್ಟಿಯನ್ನೂ ಕೊಡುತ್ತದೆ. ತೀರ ಒದ್ದೆ ಮರಳು ಹೊರುವ ನೀರು ನೂರಕ್ಕೆ 7.5, ಅಂದರೆ ಒಂದು ಘನ ಮೀಟರ್ ಮರಳಿನಲ್ಲಿ 120 ಲೀಟರ್. ಮಧ್ಯಮ ಒದ್ದೆಯದು ನೂರಕ್ಕೆ 5, ಅಂದರೆ 80 ಲೀಟರ್. ಬರಿಯ ತೇವದ್ದು ನೂರಕ್ಕೆ 2.5, ಅಂದರೆ 40 ಲೀಟರ್. ತೇವದ ಜಲ್ಲಿ ನೂರಕ್ಕೆ 1.25ರಿಂದ 2.5. ಕಣ ದಪ್ಪವಾದಷ್ಟೂ ಅದು ಹೊರುವ ನೀರು ಕಡಿಮೆ. ಅದೇ ಸಂಹಿತೆ ಮರಳು ಜಲ್ಲಿಗಳನ್ನು ತೂಗುವ ಸಾಧನದಲ್ಲಿ ಕ್ಷಮಿಸುವ ತಪ್ಪು ನೂರಕ್ಕೆ 3 ಮಾತ್ರ. ತಕ್ಕಡಿಯ ಮೂರನ್ನು ಸರಿಪಡಿಸಲು ಹೆಣಗುವ ನಾವು ಮಳೆಯ ಏಳೂವರೆಯನ್ನು ಮರೆತು ಕೂರುವುದುಂಟು.

ತೇವವನ್ನು ಅಳೆಯಲು ಬಾಣಲೆಗಿಂತ ಬೇಗದ ಉಪಾಯಗಳೂ ಇವೆ. ಭದ್ರವಾದ ಒಂದು ಲೋಹದ ಪಾತ್ರೆಯಲ್ಲಿ ತೂಗಿದ ಮರಳಿನೊಡನೆ ಕ್ಯಾಲ್ಸಿಯಂ ಕಾರ್ಬೈಡ್ ಪುಡಿಯನ್ನು ಹಾಕಿ ಮುಚ್ಚಿ ಅಲುಗಿಸಿದರೆ, ತೇವ ತಗುಲಿ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಅದರ ಒತ್ತಡವನ್ನು ಮುಳ್ಳು ತೋರಿಸುತ್ತದೆ, ಅದರಿಂದ ತೇವ ತಿಳಿಯುತ್ತದೆ. ಹಿಂದೆ ಜಾತ್ರೆಯ ಅಂಗಡಿಗಳಲ್ಲಿ ಉರಿಯುತ್ತಿದ್ದ ಕಾರ್ಬೈಡ್ ದೀಪದ ಅನಿಲವೂ ಅದೇ. ಇಂದು ಪಟ್ಟಣಗಳಿಗೆ ಲಾರಿಯಲ್ಲಿ ಸಿದ್ಧ ಕಾಂಕ್ರೀಟನ್ನು ಕಳುಹಿಸುವ ಘಟಕಗಳಲ್ಲಿ ಮರಳಿನ ತೊಟ್ಟಿಯೊಳಗೇ ತೇವ ಅರಿಯುವ ಸಾಧನವನ್ನಿಟ್ಟು, ಗಣಕಯಂತ್ರದಿಂದ ತೂಕವನ್ನೂ ನೀರನ್ನೂ ತಿದ್ದಿಕೊಳ್ಳುವ ವ್ಯವಸ್ಥೆ ಉಂಟು. ಆದರೆ ಆ ಸಾಧನವನ್ನೂ ಆಗಾಗ ಹುರಿದ ಮರಳಿನ ಎದುರಿಗಿಟ್ಟು ಸರಿನೋಡಬೇಕು; ಇಲ್ಲವಾದರೆ ಅದು ನನ್ನ ಗೋಡೆಯ ಚೀಟಿಯಂತೆಯೇ ಆದೀತು. ಹೊಳೆಯ ಮರಳು ಅಪರೂಪವಾಗಿ, ಬಂಡೆಯನ್ನು ಪುಡಿ ಮಾಡಿದ ಎಂ-ಸ್ಯಾಂಡ್ ಬಳಕೆಗೆ ಬಂದಮೇಲೂ ಲೆಕ್ಕದ ತತ್ತ್ವ ಬದಲಾಗಿಲ್ಲ. ತೊಳೆದು ತಂದ ಎಂ-ಸ್ಯಾಂಡ್ ಮಳೆಯಿಲ್ಲದ ದಿನವೂ ಒದ್ದೆಯಾಗಿರಬಹುದು. ರಾಶಿಯ ನೆತ್ತಿ ಒಣಗಿದ್ದು ಬುಡ ತೊಯ್ದಿರಬಹುದು. ಚೈತ್ರ ವೈಶಾಖದ ಬಿಸಿಲಿನಲ್ಲಿ ಕಾದ ಜಲ್ಲಿಯಾದರೆ ಲೆಕ್ಕ ತಿರುವುಮುರುವು. ಅದು ಕುಡಿಯುವಷ್ಟನ್ನು ನಾವೇ ಹೆಚ್ಚಾಗಿ ಕೊಡಬೇಕು.

ಮನೆ ಕಟ್ಟಿಸುವವರೆಲ್ಲ ಈ ಲೆಕ್ಕ ಕಲಿಯಬೇಕೆಂದು ನಾನು ಹೇಳುವುದಿಲ್ಲ. ಮೂರು ಮಾತನ್ನು ಮಾತ್ರ ನೆನಪಿಡಿ. ಮರಳಿನ ರಾಶಿಗೆ ರಾತ್ರಿ ಹೊದಿಕೆ ಇರಲಿ. ಮಳೆ ಬಂದ ಮರುದಿನ, "ಇವತ್ತು ನೀರು ಎಷ್ಟು ಕಡಿಮೆ ಮಾಡಿದಿರಿ, ಮರಳು ಎಷ್ಟು ಹೆಚ್ಚು ಮಾಡಿದಿರಿ?" ಎಂದು ಕೇಳಿ, ಉತ್ತರ ಎರಡೂ ಪ್ರಶ್ನೆಗೆ ಬರಬೇಕು. ಮಿಶ್ರಣ ಪಾಯಸದಂತೆ ತಾನೇ ತಾನಾಗಿ ಹರಿಯುತ್ತಿದ್ದರೆ, ಅದನ್ನು ಹಾಗೆ ಹರಿಯುವಂತೆ ಮಾಡಿದ್ದೇನೆಂದು ವಿಚಾರಿಸಿ. ಇದಕ್ಕೆಂದೇ ಬೆರೆಸುವ ದ್ರಾವಣಗಳು ಈಗ ಉಂಟು; ಅವಿಲ್ಲದೆ ಹರಿದರೆ ಅದು ನೀರಿನ ಕೆಲಸವೇ. ಮೇಸ್ತ್ರಿ ಮರಳನ್ನು ಹಿಸುಕಿ ಏನಾದರೂ ಹೇಳಿದರೆ ಕಿವಿಗೊಡಿ.

ವರ್ಷಗಳ ಬಳಿಕ ಆ ಊರಿನವರೊಬ್ಬರು ಬಸ್ಸಿನಲ್ಲಿ ಸಿಕ್ಕಿದ್ದರು. ಮೇಸ್ತ್ರಿಗಳ ಯೋಗಕ್ಷೇಮ ಕೇಳಿದೆ. ಶಾಲೆಯ ಕೆಲಸವೇ ಅವರು ಆ ಊರಿನಲ್ಲಿ ಮಾಡಿದ ಕೊನೆಯ ಕೆಲಸವೆಂದೂ, ಆ ಮೇಲೆ ಅಲ್ಲಿ ಯಾರೂ ಅವರಿಗೆ ಮನೆ ಕಟ್ಟಲು ಕೊಡಲಿಲ್ಲವೆಂದೂ, ಮಗನ ಊರಿಗೆ ಹೋಗಿ ಅಲ್ಲಿಯೇ ತೀರಿಕೊಂಡರೆಂದೂ ತಿಳಿಯಿತು. "ಅದೇ, ಆ ಸಿಮೆಂಟಿನ ವಿಷಯ..." ಎಂದು ಅವರು ದನಿ ತಗ್ಗಿಸಿದರು. ನನ್ನ ವರದಿ ಕಚೇರಿಯ ಕಡತದಲ್ಲಿತ್ತು. ಊರಿನ ಬಾಯಲ್ಲಿ ಎಂಟು ದಿನ ಓಡಾಡಿದ ಮಾತನ್ನು ಅದು ಹಿಂದಕ್ಕೆ ತರಲಿಲ್ಲ. ಬಸ್ಸಿನಲ್ಲಿ ನಾನು ಅವರಿಗೆ ಮರಳಿನ ಲೆಕ್ಕವನ್ನು ಮೊದಲಿನಿಂದ ಹೇಳಿದೆ. ಅಂದಿನಿಂದ ಕೇಳುವವರು ಸಿಕ್ಕಿದಲ್ಲೆಲ್ಲ ಹೇಳುತ್ತ ಬಂದಿದ್ದೇನೆ. ಈ ಸಂಜೆ ತಾವು ಕೇಳಿದಿರಿ.



(ಬಾನುಲಿ ಭಾಷಣ)